ಚುಕ್ಕಿಯಿಂದ ಶುರುವಾಗುವ ಕಡತ

ಬರ್ಕಾದಲ್ಲಿ ನಾವು ಕಡಲನ್ನು ಕುಡಿಯುವ ನೀರು ಮಾಡುತ್ತೇವೆ.
ನನ್ನ ಪಾಲಿನದು ಇಷ್ಟೇ: ಹತ್ತು ನಿಮಿಷಕ್ಕೊಮ್ಮೆ
ಉಪ್ಪೆಷ್ಟು ಉಳಿಯಿತೆಂದು ಕೇಳುವುದು, ಬರೆದಿಡುವುದು.
ಕೇಳುವವಳು ನಾನೂ ಅಲ್ಲ, ನಲವತ್ತು ಸಾಲಿನ ಒಂದು ಸ್ಕ್ರಿಪ್ಟು.
ಮೇಲಿನವರು ಖಲ್ಫಾನ್ ಅಲ್ ಮಾಮರಿ; ಅವರ ಬಾಯಲ್ಲಿ ಅದು ಬೈಥಾನ್,
ನಾನು ಬ್ರಿಸಿಲ್ಲಾ. ಅರಬ್ಬಿಯಲ್ಲಿ ಪಕಾರವಿಲ್ಲ.
ಶಿರ್ವದ ಇಗರ್ಜಿಯಲ್ಲಿ ನೆತ್ತಿಗೆ ನೀರು ಹೊಯ್ದು ಇಟ್ಟ ಹೆಸರು
ಇಲ್ಲಿ ಒಂದಕ್ಷರ ಬದಲಿಸಿಕೊಂಡು ಓಡುತ್ತದೆ. ತೊಂದರೆಯಿಲ್ಲ,
ಸಂಬಳದ ಚೀಟಿಯಲ್ಲಿ ಸರಿಯಾಗಿದೆ.

ತಕರಾರು ಬಂದದ್ದು ಬುಧವಾರ.
ಕವಾಟ ಮುಚ್ಚಿದ್ದು ನಾಲ್ಕಕ್ಕೆ,
ಉಪ್ಪು ಏರಿದ್ದು ಎರಡಕ್ಕೆ.
"ಗಾಯಕ್ಕೆ ಮೊದಲೇ ರಕ್ತ ಬಂತೇ, ಬ್ರಿಸಿಲ್ಲಾ?"
ಖಲ್ಫಾನ್ ಕಾಗದ ತಂದು ಮೇಜಿಗೆ ಹಾಕಿದರು.

ಓಡಿಸಿ ನೋಡಿದೆ. ಗಂಟೆ ಸರಿಯಾಗಿಯೇ ಬಿತ್ತು.
ಮತ್ತೆ ಓಡಿಸಿದೆ. ಸರಿ.
ನಾನು ಓಡಿಸಿದರೆ ಸರಿ, ತಾನಾಗಿ ಓಡಿದರೆ ತಪ್ಪು,
ಅತ್ತೆಯೆದುರು ಒಂದು, ಹಿತ್ತಲಲ್ಲಿ ಇನ್ನೊಂದು.
ಅದೇ ಸಾಲು, ಅದೇ ಯಂತ್ರ, ಅದೇ ಉಪ್ಪು.
ಮೂರು ದಿನ ಅಕ್ಕಿಯಲ್ಲಿ ಕಲ್ಲು ಹೆಕ್ಕಿದ ಹಾಗೆ ಸಾಲು ಹೆಕ್ಕಿದೆ.
ಕಲ್ಲು ಅಕ್ಕಿಯಲ್ಲಿರಲಿಲ್ಲ,
ಗೆರಸೆಯ ಹೆಣಿಗೆಯಲ್ಲಿತ್ತು.

ಇಂಟರ್‌ಪ್ರಿಟರ್ ಬರಿಗೈಯಲ್ಲಿ ಏಳುವುದಿಲ್ಲ.
ಮೊದಲ ಸಾಲಿಗೂ ಮೊದಲು, ಯಾರ ಮನೆಯಲ್ಲಿ ಎದ್ದಿತೋ
ಅವರ ಮಾತು ಕೇಳಿಸಿಕೊಂಡು ಬರುತ್ತದೆ:
ಹುಡುಕುವ ದಾರಿ ಯಾವುದು, ಅಕ್ಷರಮಾಲೆ ಯಾವುದು,
ಈಗ ಗಂಟೆ ಎಷ್ಟು ಅನ್ನಬೇಕು.
ನನ್ನ ಖಾತೆಯಲ್ಲಿ ಎದ್ದರೆ ಮಸ್ಕತ್ತಿನ ಗಂಟೆ.
ತಾನಾಗಿ ಓಡುವ ಓಟ ನನ್ನ ಖಾತೆಯದಲ್ಲ,
ಇನ್ನೂ ಹಾತಿಮ್ ಬಾಬಿಕಿರನದು.

ಅವನ ಜೊತೆ ಕೂತದ್ದು ಒಂದೇ ವಾರ.
ಕೀಲಿ ಕೊಟ್ಟ, ಪಾಸ್‌ವರ್ಡಿನ ಚೀಟಿ ಕೊಟ್ಟ,
ಕರ್ಕದೆ ಕುದಿಸಿ ಲೋಟ ತುಂಬ ಕೊಟ್ಟ:
ಕೆಂಪು, ಹುಳಿ, ನಮ್ಮ ಪುನರ್ಪುಳಿಯ ದೂರದ ನೆಂಟ.
ಊರಿಗೆ ವಿಮಾನವಿಲ್ಲ, ಜಿದ್ದಾದಿಂದ ಹಡಗು ಹಿಡಿಯುತ್ತೇನೆ ಅಂದ.
ಆಮೇಲೆ ಕಳಿಸಿದ ಸಂದೇಶಕ್ಕೆ ಒಂದೇ ಗೀಟು,
ಎರಡನೆಯದು ಬೀಳಲಿಲ್ಲ.

ಚುಕ್ಕಿಯಿಂದ ಶುರುವಾಗುವ ಕಡತ ಪಟ್ಟಿಯಲ್ಲಿ ಕಾಣುವುದಿಲ್ಲ,
ಎಲ್ಲವನ್ನೂ ತೋರಿಸು ಎಂದು ಬಾಯಿಬಿಟ್ಟು ಕೇಳಬೇಕು.
ಕೇಳಿದೆ. ಇತ್ತು. ಆರು ಸಾಲು.
ಐದನೆಯದು ಅರಬ್ಬಿಯಲ್ಲಿ: ಲಾ ತಲ್ಮಿಸ್. ಮುಟ್ಟಬೇಡ.
ಆರನೆಯದು ಕಾಲವಲಯ.
ಆಫ್ರಿಕಾ, ಒಂದು ಓರೆಗೆರೆ, ಖಾರ್ತೂಮ್.

ಹಾಗಾದರೆ ನಾಲ್ಕು ವರ್ಷ ಈ ದಂಡೆಯ ಉಪ್ಪು
ಅವನ ಮನೆಯ ಗಡಿಯಾರ ನೋಡಿ ಬರೆಸಿಕೊಂಡಿದೆ.
ಮರೆತನೇ? ಪರೀಕ್ಷೆಗೆಂದು ಬರೆದು ಹಾಗೇ ಬಿಟ್ಟನೇ?
ರಾತ್ರಿಪಾಳಿಯಲ್ಲಿ ಪರದೆಯ ಮೂಲೆ ನೋಡಿ
ಈಗ ಅವಳು ರೇಡಿಯೊ ಆರಿಸುವ ಹೊತ್ತು ಎಂದುಕೊಳ್ಳಲಿಕ್ಕೋ?
ತಿಂಗಳ ವರದಿ ಬರೆಯುವಾಗ ಬೆರಳು ಮಡಚುತ್ತಿದ್ದನಂತೆ,
ಖಲ್ಫಾನರಿಗೆ ಈಗ ನೆನಪಾಗುತ್ತದೆ: ಒಂದು, ಎರಡು.
ಆ ಎರಡು ಬೆರಳು ಮಾತ್ರ ಯಾವ ಕಡತದಲ್ಲೂ ಇರಲಿಲ್ಲ.
ಐದು ತಿಂಗಳಿಂದ ನಾನು ಕೂಡಿಸಿಲ್ಲ.
ಯಾರೂ ಕೇಳಿಯೂ ಇಲ್ಲ.

ಅಳಿಸಿಬಿಡು, ಅಂದರು.
ಸಾಲಿನ ಮುಂದೆ ಒಂದು ಹ್ಯಾಶ್ ಹಾಕಿದೆ;
ಯಂತ್ರ ಅದನ್ನು ದಾಟಿಕೊಂಡು ಹೋಗುತ್ತದೆ, ಮನುಷ್ಯರು ಓದಬಹುದು.
ಕೆಳಗೆ ಹೊಸ ಸಾಲು, ಮಸ್ಕತ್.
ಅದರ ಮೇಲೆ ನನ್ನ ಹೆಸರು, ತಾರೀಖು ಸಮೇತ,
ಪಕಾರದಲ್ಲೇ.

ನಾಲ್ಕೂ ಹತ್ತರ ಉಪ್ಪು ನಾಲ್ಕೂ ಹತ್ತಕ್ಕೇ ಬಿತ್ತು.
ಖಲ್ಫಾನ್ ಖಹ್ವಾ ಸುರಿದು ಖರ್ಜೂರದ ಡಬ್ಬಿ ಇತ್ತ ದೂಡಿದರು.
ಹಿಂದಿನ ನಾಲ್ಕು ವರ್ಷದ ದಾಖಲೆಯನ್ನೂ ತಿದ್ದಲೇ, ಕೇಳಿದೆ.
ಅವರು ಕಿಟಕಿಯಾಚೆ ನೋಡುತ್ತಿದ್ದರು,
ಉಳಿದ ಗಟ್ಟಿ ಉಪ್ಪುನೀರು ವಾಪಸು ಕಡಲಿಗೆ ಬೀಳುವ ಕಡೆ.
"ಬೇಡ," ಅಂದರು. "ಓದುವವರು ಎರಡು ಕೂಡಿಸಿಕೊಳ್ಳಲಿ."