ಮಂಗಳವಾರದ ಮೂಗು

ಹನ್ನೊಂದು ವರ್ಷ ಪ್ರವಾಸಿಗಳನ್ನು ತುಂಬಿಕೊಂಡು
ತೆಲಾವಿಯಿಂದ ದ್ರಾಕ್ಷಿತೋಟಗಳಿಗೆ ವ್ಯಾನು ಓಡಿಸಿದ್ದೇನೆ.
‘ವೈನು ಹೇಗೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂದಿದ್ದೇನೆ.
ಅದಕ್ಕಿಂತ ಹೆಚ್ಚಿನ ಮಾತು ನನ್ನ ಬಳಿ ಇರಲಿಲ್ಲ,
ಇರಬೇಕೆಂದು ಅನ್ನಿಸಿಯೂ ಇರಲಿಲ್ಲ.
ನೀರು ಹೇಗಿದೆ ಎಂದು ಮೀನನ್ನು ಯಾರು ಕೇಳುತ್ತಾರೆ?

ಚಳಿಗಾಲ. ಪ್ರವಾಸಿಗಳಿಲ್ಲ. ವ್ಯಾನಿನ ಬ್ಯಾಟರಿ ಸತ್ತಿದೆ.
ಬೇಕರಿಯ ಹಿಂದಿನ ಕೋಣೆಯಲ್ಲಿ, ಮಂಗಳವಾರ ಸಂಜೆ,
ತ್ಸಿಯುರಿ ಅಜ್ಜಿ ವೈನಿನ ಪಾಠ ಹೇಳುತ್ತಾಳಂತೆ,
ಅದೂ ನಮ್ಮೂರವರಿಗೆ!
ನಕ್ಕೆ. ನಕ್ಕು, ಹೋದೆ. ಒಲೆ ಬೆಚ್ಚಗಿರುತ್ತದಲ್ಲ.

ದಂತವೈದ್ಯೆ ಮ್ಝೆವಿನಾರ್, ಅಂಚೆಯ ಅನ್ಜೋರ್,
ಗಂಡ ಸತ್ತ ಮೇಲೆ ಮೊದಲ ಸಲ ಹೊಸಿಲು ದಾಟಿದ ಗುಲ್ನಾರಾ,
ಎಂದೂ ಮಾತಾಡದ ಅವಳಿ ಸಹೋದರರು, ನಾನು.
ಮೊದಲ ದಿನ ವೈನೇ ಇಲ್ಲ.
ಹನ್ನೆರಡು ಜಾಮಿನ ಜಾಡಿಗಳು, ನಮ್ಮ ಕಣ್ಣಿಗೆ ಬಟ್ಟೆ.
‘ಮೂಸಿ, ಹೇಳಿ. ತಪ್ಪಾದರೂ ಜೋರಾಗಿ ಹೇಳಿ.’
ಅಕ್ರೋಟಿನ ಸಿಪ್ಪೆ. ನೆಂದ ಚಹಾಪುಡಿ.
ಚರ್ಚಿನ ಮೇಣ, ಆಗಷ್ಟೇ ಆರಿದ್ದು.
ಮಳೆ ಕಂಡ ಹೆಂಚು.
ಏಳನೆಯ ಜಾಡಿಗೆ ಗುಲ್ನಾರಾ ಸುಮ್ಮನಾದಳು.
‘ಅವನ ಬೆಲ್ಟು’ ಎಂದಳು, ತುಂಬ ಹೊತ್ತಿನ ಮೇಲೆ.
ಒಳಗಿದ್ದದ್ದು ಹಳೆಯ ಚಪ್ಪಲಿಯ ತುಂಡು.
ಅಜ್ಜಿ ತಿದ್ದಲಿಲ್ಲ.

ಎರಡನೆಯ ವಾರ ನೂಲಿನ ಆಟ.
ರೇಷ್ಮೆ, ಕುರಿಯುಣ್ಣೆ, ಗೋಣಿನಾರು, ಮೇಜಿನ ಮೇಲೆ.
ಗುಟುಕು ಕುಡಿ, ನಾಲಿಗೆಗೆ ಯಾವ ನೂಲು ಸವರಿತು, ಎತ್ತಿ ತೋರಿಸು.
ಒಗರು ಎಂದರೆ ರುಚಿಯಲ್ಲವಂತೆ, ಸ್ಪರ್ಶವಂತೆ!
ನೆಲದಲ್ಲಿ ಹೂತ ಗುಡಾಣದೊಳಗೆ
ಸಿಪ್ಪೆ ಬೀಜ ತೊಟ್ಟುಗಳ ಜೊತೆ ಆರು ತಿಂಗಳು ಮಲಗೆದ್ದ
ಜೇನುಬಣ್ಣದ ವೈನಿಗೆ
ಅವಳಿಗಳಿಬ್ಬರೂ ಒಟ್ಟಿಗೇ ಗೋಣಿನಾರು ಎತ್ತಿದರು,
ಒಟ್ಟಿಗೇ ನಕ್ಕರು. ಅವರ ಹಲ್ಲು ಕಂಡದ್ದು ಅಂದೇ.
(ಮ್ಝೆವಿನಾರ್ ಒಂದು ಹುಳುಕನ್ನೂ ಕಂಡಳು.)

‘ಈಗ ಉಗುಳಿ’ ಎಂದಳು ಅಜ್ಜಿ, ಬಕೆಟ್ಟು ತಳ್ಳಿ.
ಅನ್ಜೋರ್ ಎದ್ದು ನಿಂತ. ವೈನನ್ನು ಉಗುಳುವುದೇ?
ನನ್ನ ತಾತ ಗೋರಿಯಿಂದೆದ್ದು ಬಂದಾನು!
ಅವನಿಗೆ ಹಾರೈಕೆಯಿಲ್ಲದೆ ಗಂಟಲಿಳಿಯದು.
ಪ್ರತಿ ಗುಟುಕಿಗೂ ಗ್ಲಾಸೆತ್ತಿ, ಅಗಲಿದವರಿಗೆ, ಶಾಂತಿಗೆ,
ಅಂಚೆ ತಲುಪದ ಹಳ್ಳಿಗಳಿಗೆ ಎಂದು ಶುರುಮಾಡುತ್ತಾನೆ.
‘ಮೊದಲು ಮೂಗು, ಆಮೇಲೆ ಅಗಲಿದವರು’ ಎಂದಳು ಅಜ್ಜಿ.
‘ಅವರಿಗೇನೂ ಅವಸರವಿಲ್ಲ.’

ನಾಲ್ಕನೆಯ ಮಂಗಳವಾರ, ಪರೀಕ್ಷೆ.
ಮತ್ತೆ ಬಟ್ಟೆ, ಐದು ಗ್ಲಾಸು.
ನಾಲ್ಕನ್ನು ಸರಿಯಾಗಿ ಹೇಳಿದೆ, ಬೀಗಿದೆ.
ಐದನೆಯದನ್ನು ತಿರುಗಿಸಿ, ಮೂಸಿ, ಬಾಯಲ್ಲಿ ಉರುಳಿಸಿ,
ನ್ಯಾಯಾಧೀಶನ ದನಿಯಲ್ಲಿ ನುಡಿದೆ:
‘ಇದು ನಮ್ಮದಲ್ಲ. ದೂರದ್ದು. ಇಟಲಿ ಇರಬಹುದು.
ಮೊದಲಿಗೆ ಕ್ವಿನ್ಸ್ ಹಣ್ಣು, ಬೀರುವಿನಲ್ಲಿಟ್ಟು ಮರೆತದ್ದು.
ಹಿಂದೆಯೇ ಹೊಗೆ.
ಕೊನೆಗೊಂದು ಕಹಿ, ಕ್ಷಮೆ ಕೇಳಲು ಬಂದು
ಕೇಳದೆ ಹೋದವರ ಹಾಗೆ.’

ಯಾರೂ ಉಸಿರೆತ್ತಲಿಲ್ಲ.
ಬಟ್ಟೆ ಬಿಚ್ಚಿದೆ. ಮೇಜಿನ ಮೇಲೆ
ನೀಲಿ ಮುಚ್ಚಳದ ಐದು ಲೀಟರಿನ ಪ್ಲಾಸ್ಟಿಕ್ ಕ್ಯಾನು,
ಕೊರಳಿಗೆ ಅಂಟಿಸಿದ ಟೇಪು, ಅದರ ಮೇಲೆ ಇಸವಿ,
ನನ್ನದೇ ಕೈಬರಹ.
ಹೆಂಡತಿ ಕೊಟ್ಟು ಕಳಿಸಿದ್ದಳು.

ಅನ್ಜೋರ್ ನಗುತ್ತಾ ಬೆಂಚಿನಿಂದ ಜಾರಿದ.
ನಾನೂ ನಕ್ಕೆ, ಕಿವಿ ಬಿಸಿಯಾಗುವಷ್ಟು.
ಆದರೆ ಅಜ್ಜಿ ಕರಿಹಲಗೆಯ ಮೇಲೆ ಬರೆದಳು:
ಬೀರುವಿನಲ್ಲಿ ಮರೆತ ಕ್ವಿನ್ಸ್.
‘ಇದು ಸರಿ’ ಎಂದಳು. ‘ಇಟಲಿ ಮಾತ್ರ ತಪ್ಪು.’

ಆ ರಾತ್ರಿ ಅಡುಗೆಮನೆಯಲ್ಲಿ
ಅದೇ ಕ್ಯಾನಿನಿಂದ ಚಹಾದ ಲೋಟಕ್ಕೆ ಬಗ್ಗಿಸಿಕೊಂಡು
ದೀಪಕ್ಕೆ ಹಿಡಿದೆ, ತಿರುಗಿಸಿದೆ, ಮೂಗು ಅದ್ದಿದೆ.
ಬಾಗಿಲಲ್ಲಿ ಅತ್ತೆ, ಶಾಲು ಹೊದ್ದು:
‘ಯಾಕಪ್ಪಾ, ಕೆಟ್ಟುಹೋಗಿದೆಯಾ?’
‘ಇಲ್ಲ’ ಎಂದೆ.
‘ಮತ್ತೆ?’
ಲೋಟವನ್ನು ಅವಳತ್ತ ಚಾಚಿದೆ.
‘ಕಣ್ಣು ಮುಚ್ಚಿ’ ಎಂದೆ.