ನಲವತ್ತೇಳು

ನಲವತ್ತೇಳು ಅನ್ನುವಷ್ಟರಲ್ಲಿ ಕುಕ್ಕರು ಕೂಗಿತು.
ಅದು ಮೂರನೆಯದೋ ನಾಲ್ಕನೆಯದೋ.
ಈಗ ಎರಡು ಲೆಕ್ಕ ತಪ್ಪಿದವು.

ಹೊಸೂರಿನ ಈ ಎರಡು ಕೋಣೆಯ ಮನೆಯಲ್ಲಿ
ಎಣಿಸುವುದಕ್ಕೆ ಮೂರು ಭಾಷೆ.
ಅತ್ತೆ ಬಾಗಲೂರಿನವರು, ಮಾತ್ರೆ ಎಣಿಸುವುದು ತೆಲುಗಿನಲ್ಲಿ.
ಯಶಿಕಾಳ ಮಗ್ಗಿ ತಮಿಳಿನಲ್ಲಿ,
ಗೋಡೆಗೆ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ರಾಗ ಎಳೆದು.
ನಾನು ತಳಿಯವಳು, ಕಡ್ಡಿ ಕೈಗೆ ಬಂದರೆ
ಅಮ್ಮನ ಕನ್ನಡವೇ ಬಾಯಿಗೆ ಬರುತ್ತದೆ:
ಒಂದು ಸೀದಾ, ಒಂದು ಉಲ್ಟಾ,
ದಾರ ಮುಂದೆ, ದಾರ ಹಿಂದೆ.
ನಲವತ್ತರ ಆಸುಪಾಸಿನಲ್ಲಿ ಮೂರೂ ಒತ್ತಿಕೊಂಡ ಮನೆಗಳು,
ನಡುಗೋಡೆ ಒಂದೇ.
ನಲಭೈ, ನಾಪ್ಪತ್ತು, ನಲವತ್ತು
ಯಾವ ಬಾಗಿಲಲ್ಲಿ ಹೊಕ್ಕೆ, ಯಾವುದರಲ್ಲಿ ಹೊರಬಿದ್ದೆ
ಗೊತ್ತಾಗುವ ಹೊತ್ತಿಗೆ ತೋಳಿಗೆ ಎರಡು ಕುಣಿಕೆ ಹೆಚ್ಚು.

ಉಣ್ಣೆ ತಂದದ್ದು ಹೋದ ವರ್ಷ ದೀಪಾವಳಿ ಮುಗಿದ ವಾರ.
ಒಂಬತ್ತು ಉಂಡೆ, ಇಟ್ಟಿಗೆ ಬಣ್ಣ.
ಸಂಪಂಗಿಗೆ ರಾತ್ರಿ ಪಾಳಿ;
ಬೆಳಗಿನ ಆರಕ್ಕೆ ಬೈಕಿನಲ್ಲಿ ಮಂಜು ಕುಡಿದು ಬರುವ ಎದೆ.
“ಅಂಗಡೀಲಿ ಐನೂರಕ್ಕೆ ಸಿಗ್ತದಲ್ಲ” ಅಂದ.
ಸಿಗ್ತದೆ.
ಅಂಗಡಿಯಲ್ಲಿ ಸಿಗದ್ದು ಅರ್ಧ ಗಂಟೆ.
ಅರ್ಧ ಗಂಟೆ ಯಾರೂ ನನ್ನನ್ನು ಏನೂ ಕೇಳಬೇಡಿ ಅಂದರೆ
ಸೊಕ್ಕು ಅನ್ನುತ್ತಾರೆ.
ಗಂಡನಿಗೆ ಸ್ವೆಟರ್ ಅಂದರೆ ಅತ್ತೆಯೂ ಟೀವಿಯ ದನಿ ತಗ್ಗಿಸುತ್ತಾರೆ.

ಆದರೂ ಅರ್ಧ ಗಂಟೆ ಇಡಿಯಾಗಿ ಬಂದದ್ದಿಲ್ಲ.
ಚಿಲ್ಲರೆಯಾಗಿ ಬರುತ್ತದೆ:
ಹಾಲು ಉಕ್ಕುವ ಮುಂಚೆ ಎರಡು ಸಾಲು,
ರೇಷನ್ ಅಂಗಡಿಯ ಕ್ಯೂನಲ್ಲಿ ಐದು.
(ಹಿಂದೆ ನಿಂತವಳು ಕೈ ಹಾಕಿ ಮುಟ್ಟಿ, “ಚುಚ್ಚಲ್ವಾಕ್ಕಾ?”)
ನಾಲ್ಕು ದಿನಕ್ಕೊಮ್ಮೆ ನಲ್ಲಿ ಬಿಡುವ ನಡುರಾತ್ರಿ
ನೀಲಿ ಡ್ರಮ್ಮು ತುಂಬುವ ತನಕ ಹನ್ನೊಂದು.
ಸಣ್ಣವನು ಪ್ರಣೀಶ ಒಂದು ಕಡ್ಡಿ ಕದ್ದು
ಕೋಟೆ ಗೆದ್ದು ಬಂದ;
ಕುಣಿಕೆಗಳು ಹಲ್ಲು ಬಿದ್ದ ಬಾಯಿ ತೆರೆದು ನನ್ನನ್ನೇ ನೋಡಿದವು.
ಮಾರನೆಯ ದಿನದಿಂದ ಉಂಡೆ ಅಕ್ಕಿ ಡಬ್ಬದೊಳಗೆ.

ಬೆನ್ನಿನ ಭಾಗ ಹಾಸಿ ನೋಡಿದರೆ ನನಗೇ ನಗು.
ಅತ್ತೆಗೆ ಜ್ವರ ಬಂದ ಆ ವಾರ ಹಗ್ಗದ ಹಾಗೆ ಬಿಗಿ.
ನನ್ನ ತಂಗಿ ನಾಲ್ಕು ದಿನ ಬಂದು ಹರಟಿದ ಜಾಗ ಸೊಳ್ಳೆಪರದೆ.
ಒಂದು ಕಡೆ ಅರಿಸಿನದ ಬೆರಳು,
ಯಾರದ್ದೆಂದು ಕೇಳಬೇಡಿ.

ಈ ಮಾರ್ಗಶಿರಕ್ಕೆ ಒಂದು ತೋಳು ಮುಗಿದಿತ್ತು.
ಅಳತೆಗೆಂದು ತೊಡಿಸಿದೆ, ಕಳಚಲೇ ಇಲ್ಲ ಅವನು.
“ಮೇಲೆ ಕಂಪನಿ ಕೋಟಿರ್ತದೆ, ಯಾರಿಗೆ ಕಾಣ್ತದೆ?”
ಒಂದೇ ತೋಳಿನ ಸ್ವೆಟರಿನಲ್ಲಿ ಹೊರಟೇ ಹೋದ.
ಬೆಳಿಗ್ಗೆ ಬಂದವನ ಎಡಗೈ ಬೆಚ್ಚಗೆ,
ಬಲಗೈ ನಲ್ಲಿಯ ಹಾಗೆ ತಣ್ಣಗೆ.
ಎರಡನ್ನೂ ನನ್ನ ಕತ್ತಿಗೆ ತಾಗಿಸಿ
ಯಾವುದು ನಿನ್ನದು ಹೇಳು ಅಂದ.
ಹಾಲು ಉಕ್ಕಿತು.

ಇವತ್ತು ಎರಡನೇ ತೋಳು.
ಕುಕ್ಕರು ಇಳಿಸಿ ಬಂದು ಕಡ್ಡಿ ಹಿಡಿದು ಪೆದ್ದಿಯ ಹಾಗೆ ಕೂತೆ.
ಗೋಡೆಗೊರಗಿದ್ದವಳು ಮಗ್ಗಿ ನಿಲ್ಲಿಸದೆ,
ಎಂಟೆಂಟಲಿಯ ನಡುವೆ, ಕಣ್ಣೂ ತೆರೆಯದೆ,
“ನಾಪ್ಪತ್ತೇಳಮ್ಮಾ” ಅಂದಳು.

ಆರು ತಿಂಗಳಿಂದ ಎಣಿಸುತ್ತಿದ್ದಾಳಂತೆ ನನ್ನ ಜೊತೆ,
ಒಳಗೊಳಗೇ, ಅವಳ ಲೆಕ್ಕದಲ್ಲಿ.
ಹಾಗಾದರೆ ಆ ಎರಡು ಹೆಚ್ಚಿನ ಕುಣಿಕೆ
ಹಾಕಿದಾಗ ಯಾಕೆ ಹೇಳಲಿಲ್ಲವೇ ಹುಡುಗಿ?
“ನೀನು ಆವಾಗ ಹಾಡ್ತಾ ಇದ್ದೆ.”

ನಲವತ್ತೆಂಟು.
ದಾರ ಮುಂದೆ.
ಬಾಗಿಲಲ್ಲಿ ಗ್ಯಾಸಿನವನು.