ಎರಡು ಬೆರಳು

ಮರ್ಬೀನಿನಲ್ಲಿ ಮನೆ, ಮಿಲ್ಡೂರಾದಲ್ಲಿ ಕೆಲಸ.
ಅಂದರೆ ಬೆಳಿಗ್ಗೆ ಮೂಡಣಕ್ಕೆ ಮುಖ ಮಾಡಿ ಹೋಗಬೇಕು,
ಸಂಜೆ ಪಡುವಣಕ್ಕೆ ಮುಖ ಮಾಡಿ ಬರಬೇಕು.
ಎರಡೂ ಹೊತ್ತು ಸೂರ್ಯ ನೇರ ಕಣ್ಣಿಗೇ,
ಕೈಗಡ ಕೊಟ್ಟವನ ಹಾಗೆ,
ಓಣಿ ತಪ್ಪಿಸಿದರೂ ಎದುರಿಗೇ.

ಕಾರು ಪಕ್ಕದ ಮನೆಯ ನೋರೀನಳದು.
ಹತ್ತೊಂಬತ್ತು ವರ್ಷ ಓಡಿಸಿದವನು ಕೀತ್, ಆರಡಿ ಎರಡಂಗುಲದ ಕೀತ್.
ಅವನು ಹೋದಮೇಲೆ ಒಂಬೈನೂರು ಡಾಲರಿಗೆ ನನಗೆ ಬಂತು,
ಡಿಕ್ಕಿಯಲ್ಲಿ ಒಂದು ಮೀನಿನ ಗಾಳ ಸಮೇತ,
ತಲೆಯ ಮೇಲೆ ಎರಡು ವೈಸರು ಸಮೇತ:
ಸಿಪ್ಪೆ ಎದ್ದು, ಅಂಚು ಬಿರಿದು
ಒಳಗಿನ ಸ್ಪಂಜು ಮಡಿಲಿಗೆ ಉದುರುತ್ತಿತ್ತು.
ಕಿತ್ತಳೆ ಆರಿಸುವ ಶೆಡ್ಡಿನ ಮುಂದೆ ದಿನಾ ನಾನು
ಹುರಿದ ರವೆ ಚೆಲ್ಲಿಕೊಂಡವಳ ಹಾಗೆ ಇಳಿಯುತ್ತಿದ್ದೆ.

ಹೊಸದು ಸಿಗುವುದಿಲ್ಲ.
ಗುಜರಿಯಲ್ಲಿರುವವು ಇದರ ಅಕ್ಕತಂಗಿಯರೇ,
ಅದೇ ಬಿಸಿಲು ತಿಂದವು.
ಸರಿ, ಭಾನುವಾರ, ಅಡುಗೆಮನೆಯ ಮೇಜು,
ಆರು ಸ್ಕ್ರೂ ಒಂದು ಬಟ್ಟಲಿನಲ್ಲಿ.

ಹೊಲಿಗೆಗೆ ಮೊದಲ ಗಂಟು ಸಿಕ್ಕರೆ ಸಾಕು,
ಉಳಿದದ್ದು ನೆರೆಮನೆಯ ಸುದ್ದಿಯ ಹಾಗೆ ತಾನೇ ಬಿಚ್ಚಿಕೊಳ್ಳುತ್ತದೆ.
ಒಳಗೇನಿತ್ತು ಅಂತೀರಿ?
ಒಂದು ರಟ್ಟು, ಒಂದು ತಂತಿ.
ಇಷ್ಟು ವರ್ಷ ಸೂರ್ಯನಿಗೆ ಅಡ್ಡ ನಿಂತದ್ದು
ಒಂದು ರಟ್ಟು.
ಅದರ ಮೂಲೆಯಲ್ಲಿ ಪೆನ್ಸಿಲಿನಲ್ಲಿ ಯಾರೋ ಬರೆದ ಏಳು,
ಏಳನೆಯ ಡಜನ್ನೋ, ಏಳು ಗಂಟೆಯ ಪಾಳಿಯೋ.

ಹಳೆಯ ಹೊದಿಕೆ ಎರಡನ್ನೂ ಹರವಿ ನೋಡಿದೆ.
ಕೀತನ ಬದಿಯದು ಪೂರ್ತಿ ಒಂದೇ ಬಣ್ಣ, ಆರಿದ ಚಹಾದ್ದು;
ಅವನು ಇಳಿಸಿದ್ದೇ ಕಡಿಮೆ.
ನೋರೀನಳ ಬದಿಯದರ ಕೆಳಮೂಲೆ ಮಾತ್ರ
ಕಪ್ಪಗೆ, ನುಣ್ಣಗೆ,
ಹಗ್ಗ ಸವೆಸಿದ ಬಾವಿಯ ಕಲ್ಲು.

ಅವಳೂ ನನ್ನಷ್ಟೇ, ನಾಲ್ಕಡಿ ಹತ್ತಂಗುಲ.
ವೈಸರು ಪೂರ್ತಿ ಇಳಿದರೂ ಕೆಳಗೆ
ಎರಡು ಬೆರಳು ಜಾಗ ಉಳಿಯುತ್ತದೆ,
ಆ ಎರಡು ಬೆರಳಿನಲ್ಲೇ ಸೂರ್ಯ ಕೂತಿರುತ್ತಾನೆ.
ಹತ್ತೊಂಬತ್ತು ವರ್ಷ ಎಳೆದಿದ್ದಾಳೆ
ಇನ್ನೊಂದಿಷ್ಟು ಬಂದೀತು ಎಂದು.

ಅಳತೆಯ ಕಾಗದ ಮಡಚಿ ಪಕ್ಕಕ್ಕಿಟ್ಟೆ.
ಕಿತ್ತಳೆ ಪೆಟ್ಟಿಗೆಯ ರಟ್ಟು ತಂದು
ಎರಡು ಬೆರಳು ಹೆಚ್ಚು ಬಿಟ್ಟು ಕತ್ತರಿಸಿದೆ,
ನನ್ನ ಬೆರಳು, ಕೀತನದಲ್ಲ.
ಗಮ್ಮು ಬಳಿದು, ಸ್ಪಂಜು ಹಾಸಿ,
ಸುತ್ತ ಬಟ್ಟೆ ಒಣಹಾಕುವ ಕ್ಲಿಪ್ಪು.
ಆಮೇಲೆ ಕನ್ನಡಿಯ ಕಿಂಡಿಯನ್ನು ತಪ್ಪು ತುಂಡಿಗೆ ಕೊರೆದೆ.
ಅಲ್ಲಿಗೆ ಅಂಗಡಿಯ ಬೂದು ಬಟ್ಟೆ ಮುಗಿಯಿತು.

ಸೂಟ್‌ಕೇಸಿನಲ್ಲಿ ಒಂದು ಗುಳೇದಗುಡ್ಡದ ಖಣವಿತ್ತು,
ಕುಬಸ ಹೊಲಿಸದೆ ಉಳಿದದ್ದು.
ಅಕ್ಕನಿಗೆ ಫೋನು ಮಾಡಿದೆ.
"ಉಡಿ ತುಂಬಿದ ಖಣಾ ಯಾರರ ಕಾರಿಗೆ ಹಚ್ಚತಾರೇನ?" ಅಂದಳು.
ಸ್ವಲ್ಪ ತಡೆದು,
"ದಡಿ ಕೆಳಗ ಬರೂಹಂಗ ಹಚ್ಚು."

ಒಳಮೈ ಹೊರಗೆ ಮಾಡಿ ಹೊಲಿದು
ದಿಂಬಿನ ಚೀಲದಂತೆ ತಿರುವಿ ಏರಿಸಿದೆ.
ಬಿಗಿಯಾಯಿತು, ಬಿಚ್ಚಿದೆ.
ಮತ್ತೆ ಹೊಲಿದೆ. ಎಡಮೂಲೆ ಈಗಲೂ ಸೊಟ್ಟ.

ಸಂಜೆ ನೋರೀನ್ ಬಂದು ಎಡಗಡೆ ಹತ್ತಿ ಕೂತಳು, ಹಳೆಯ ರೂಢಿ.
ಕೈ ತಾನಾಗಿ ಮೇಲೆ ಹೋಗಿ ಎಳೆಯಿತು.
ಖಣದ ದಡಿ ಅವಳ ಮೂಗಿನ ಮಟ್ಟಕ್ಕೆ ಇಳಿಯಿತು.
ಮುಖದ ಮೇಲೆ ನೆರಳು, ಗದ್ದದ ಮೇಲೆ ಮಾತ್ರ ಬಿಸಿಲು.
"ಹೇಳಿದ್ದೆ ಅವನಿಗೆ," ಅಂದಳು ಕೊನೆಗೆ,
"ಒಂದು ರಟ್ಟು ಸಿಕ್ಕಿಸು ಶಾಕಾ, ಅಲ್ಲ, ಕೀತ್, ಅಂತ."

ಸೋಮವಾರ ಬೆಳಿಗ್ಗೆ ಮೂಡಣದ ರಸ್ತೆ.
ಸೂರ್ಯ ಬಂದ, ಹುಡುಕಿದ, ಸಿಗಲಿಲ್ಲ.
ಸಿಗ್ನಲ್ಲಿನ ಹಸಿರೂ ಸಿಗಲಿಲ್ಲ;
ಅದೀಗ ದಡಿಯ ಹಿಂದೆ.
ತಲೆ ಬಗ್ಗಿಸಿ ಇಣುಕುವಷ್ಟರಲ್ಲಿ
ಹಿಂದಿನ ಲಾರಿಯವನು ಎರಡು ಸಲ ಹಾರ್ನು ಹೊಡೆದ.